ಜ್ವರ, ನೇರಳೆ ಕಲೆ, ಏರದ ಬಿಪಿ: ಅಡ್ರಿನಲ್ ರಕ್ತಸ್ರಾವದ ಬಗ್ಗೆ ನೀವು ತಿಳಿದಿರಬೇಕಾದದ್ದು

ವೈದ್ಯರ ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು ಕೇರಳದ ಔಷಧ ನಿಯಂತ್ರಣ ಇಲಾಖೆ 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಹೆಸರಿನ ತಪಾಸಣೆ ಆರಂಭಿಸಿತು. ಕೊಚ್ಚಿ ಬಳಿಯ ಅಂಬಲಮುಗಳ್‌ನಲ್ಲಿ ರಿಫೈನರಿ ಕೆಲಸಕ್ಕೆಂದು ಬಂದು ನೆಲೆಸಿದವರಿರಲಿ, ಕಾಸರಗೋಡಿನ ಕನ್ನಡ ಮನೆಗಳಿರಲಿ, ಒಂದು ಆತಂಕ ಸಹಜ: ನಡುರಾತ್ರಿ ಜ್ವರ ಜೋರಾದರೆ, ಮಾತ್ರೆಯೂ ಸಿಗದಿದ್ದರೆ ಏನು ಗತಿ?

ಉತ್ತರ ಸರಳ. ಸಾಮಾನ್ಯ ವೈರಲ್ ಜ್ವರಕ್ಕೆ ಆ ಮಾತ್ರೆ ಬೇಕಿಲ್ಲ. ಪ್ರಾಣಕ್ಕೆ ಕುತ್ತು ತರುವ ಸೋಂಕಿಗೆ ಅದು ಸಾಲುವುದಿಲ್ಲ. ಇದಕ್ಕೆ ಅಡ್ರಿನಲ್ ಗ್ರಂಥಿಯ ರಕ್ತಸ್ರಾವ ಒಳ್ಳೆಯ ಉದಾಹರಣೆ. ಇದು ಅಪರೂಪ, ಆದರೆ ಬಂದರೆ ಗಂಟೆಗಳಲ್ಲೇ ಜೀವ ತೆಗೆಯಬಲ್ಲದು.

ದೇಹದೊಳಗೆ ಏನಾಗುತ್ತದೆ?

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳೇ ಅಡ್ರಿನಲ್. ಒಂದೊಂದರ ತೂಕ ಸುಮಾರು 4ರಿಂದ 5 ಗ್ರಾಂ. ರಕ್ತದೊತ್ತಡ, ಸಕ್ಕರೆ, ಉಪ್ಪಿನ ಅಂಶವನ್ನು ಹಿಡಿತದಲ್ಲಿಡುವ ಕಾರ್ಟಿಸೋಲ್, ಆಲ್ಡೋಸ್ಟೆರೋನ್ ಹಾರ್ಮೋನುಗಳು ಇಲ್ಲೇ ತಯಾರಾಗುತ್ತವೆ.

ಬ್ಯಾಕ್ಟೀರಿಯಾ ಸೋಂಕಿಗೆ ದೇಹದ ಪ್ರತಿಕ್ರಿಯೆಯೇ ಹತೋಟಿ ತಪ್ಪಿ ಅಂಗಾಂಗಗಳನ್ನು ಹಾಳುಮಾಡುವ ಸ್ಥಿತಿ ಸೆಪ್ಸಿಸ್. ಆಗ ಈ ಗ್ರಂಥಿಗೆ ರಕ್ತ ಹೆಚ್ಚು ಹರಿಯುತ್ತದೆ. ಒಳಬರಲು ಹಲವು ಸಣ್ಣ ರಕ್ತನಾಳಗಳಿದ್ದರೂ ಹೊರಹೋಗಲು ಇರುವುದು ಒಂದೇ ಮುಖ್ಯ ನಾಳ. ಜೊತೆಗೆ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೂ ಕೆಡುತ್ತದೆ. ಒತ್ತಡ ತಾಳದೆ ಗ್ರಂಥಿಯೊಳಗೆ ರಕ್ತ ಒಸರುತ್ತದೆ. ಹಾರ್ಮೋನು ಅತ್ಯಂತ ಅಗತ್ಯವಿರುವ ಹೊತ್ತಿನಲ್ಲೇ ಅದು ನಿಂತುಹೋಗುತ್ತದೆ. ಡ್ರಿಪ್ ಹಾಕಿದರೂ ಬಿಪಿ ಏರುವುದಿಲ್ಲ.

ಇದನ್ನು ವೈದ್ಯರು ವಾಟರ್‌ಹೌಸ್-ಫ್ರಿಡರಿಕ್ಸೆನ್ ಸಿಂಡ್ರೋಮ್ ಎನ್ನುತ್ತಾರೆ. 1911ರಲ್ಲಿ ಇಂಗ್ಲೆಂಡಿನ ರೂಪರ್ಟ್ ವಾಟರ್‌ಹೌಸ್, 1918ರಲ್ಲಿ ಡೆನ್ಮಾರ್ಕಿನ ಮಕ್ಕಳ ವೈದ್ಯ ಕಾರ್ಲ್ ಫ್ರಿಡರಿಕ್ಸೆನ್ ಇದರ ಬಗ್ಗೆ ಬರೆದರು. ಮೆನಿಂಗೊಕಾಕಸ್ ಇದರ ಹೆಸರಾಂತ ಕಾರಣ. ನ್ಯುಮೊಕಾಕಸ್, ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳಿಂದಲೂ ಬರಬಹುದು.

ಯಾವಾಗ ಕಾಯಬಾರದು?

ಜ್ವರದ ಜೊತೆ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ:
• ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ. ಗಾಜಿನ ಲೋಟದಿಂದ ಒತ್ತಿದರೂ ಮಾಸದಿದ್ದರೆ ಅಪಾಯ. ಕಪ್ಪು ಮೈಬಣ್ಣದವರಲ್ಲಿ ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯ ಒಳಭಾಗ ನೋಡಿ.
• ಕೈಕಾಲು ತಣ್ಣಗಾಗುವುದು, ಏದುಸಿರು, ಮೂತ್ರ ಕಡಿಮೆಯಾಗುವುದು.
• ಗೊಂದಲದ ಮಾತು, ಎಬ್ಬಿಸಿದರೂ ಏಳದ ಮಂಪರು.
• ಕತ್ತು ಬಿಗಿತ. ಅಥವಾ ಹೊಟ್ಟೆ, ಪಕ್ಕೆಯಲ್ಲಿ ತೀವ್ರ ನೋವು.

ಚುಕ್ಕೆ ಇಲ್ಲ ಎಂದ ಮಾತ್ರಕ್ಕೆ ಸೆಪ್ಸಿಸ್ ಇಲ್ಲ ಎಂದಲ್ಲ. 108ಕ್ಕೆ ಕರೆ ಮಾಡಿ, ಐಸಿಯು ಇರುವ ಆಸ್ಪತ್ರೆಗೆ ಹೋಗಿ. “ಸೆಪ್ಸಿಸ್ ಇರಬಹುದೇ?” ಎಂದು ನೇರವಾಗಿ ಕೇಳಿ. ಗುಲ್ಮ ತೆಗೆಸಿಕೊಂಡಿದ್ದರೆ, ಬಹುಕಾಲದಿಂದ ಸ್ಟೀರಾಯ್ಡ್ ಸೇವಿಸುತ್ತಿದ್ದರೆ ಅದನ್ನು ಮೊದಲೇ ಹೇಳಿ.

‘ಸ್ಟೀರಾಯ್ಡ್ ಬೇಡ’ ಎನ್ನಬಹುದೇ?

ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಅನ್ನು ರಕ್ತನಾಳಕ್ಕೇ ಕೊಡುತ್ತಾರೆ. ಜೊತೆಗೆ ಡ್ರಿಪ್, ಬಿಪಿ ಏರಿಸುವ ಔಷಧ ಇರುತ್ತವೆ. ಅಡ್ರಿನಲ್ ಕುಸಿದಿದೆ ಎಂಬ ಅನುಮಾನ ಬಂದರೆ ಹೈಡ್ರೊಕಾರ್ಟಿಸೋನ್ ಕೊಡಲು ಸ್ಕ್ಯಾನ್ ವರದಿಗಾಗಿ ಕಾಯುವುದಿಲ್ಲ. ಸ್ಟೀರಾಯ್ಡ್ ಎಂಬ ಹೆಸರು ಕೇಳಿಯೇ ಹಲವರು ಹಿಂಜರಿಯುತ್ತಾರೆ. ಆದರೆ ಇಲ್ಲಿ ಅದು ದೇಹ ತಾನೇ ತಯಾರಿಸಬೇಕಿದ್ದ ಹಾರ್ಮೋನಿನ ಬದಲಿ. ಬೇಡ ಎನ್ನಬೇಡಿ.

ಬದುಕುಳಿದವರಲ್ಲಿ ಎರಡೂ ಗ್ರಂಥಿ ಹಾಳಾಗಿದ್ದರೆ ಈ ಮಾತ್ರೆ ಜೀವನವಿಡೀ ಬೇಕಾಗಬಹುದು. ತಾವಾಗಿಯೇ ನಿಲ್ಲಿಸಬಾರದು. ಜ್ವರ ಬಂದಾಗ ಡೋಸ್ ಎಷ್ಟು ಹೆಚ್ಚಿಸಬೇಕು, ವಾಂತಿಯಾದರೆ ಎಲ್ಲಿ ಇಂಜೆಕ್ಷನ್ ಪಡೆಯಬೇಕು ಎಂಬುದನ್ನು ಬಿಡುಗಡೆಯ ದಿನವೇ ಬರೆಸಿಕೊಳ್ಳಿ. ಆ ಚೀಟಿ ಸದಾ ಜೇಬಿನಲ್ಲಿರಲಿ. ಕೇರಳದಲ್ಲಿದ್ದರೆ ಮಲಯಾಳದಲ್ಲೂ ಬರೆಸಿ.

ತಡೆಯಲು ಸಾಧ್ಯವೇ?

ಒಂದಷ್ಟು ಮಟ್ಟಿಗೆ ಸಾಧ್ಯ. ಹಿಬ್ ಲಸಿಕೆ ಒಳಗೊಂಡ ಪೆಂಟಾವೇಲೆಂಟ್ 2011ರ ಡಿಸೆಂಬರ್‌ನಲ್ಲಿ ದೇಶದಲ್ಲಿ ಮೊದಲು ಆರಂಭವಾದದ್ದು ಕೇರಳ ಮತ್ತು ತಮಿಳುನಾಡಿನಲ್ಲಿ. ನ್ಯುಮೊಕಾಕಲ್ ಲಸಿಕೆ 2021ರಲ್ಲಿ ದೇಶದಾದ್ಯಂತ ಸರ್ಕಾರಿ ಕಾರ್ಯಕ್ರಮಕ್ಕೆ ವಿಸ್ತರಿಸಿತು. ಮಕ್ಕಳಿಗೆ ಎರಡೂ ಉಚಿತ. ಮೆನಿಂಗೊಕಾಕಲ್ ಲಸಿಕೆ ಎಲ್ಲ ಮಕ್ಕಳ ಪಟ್ಟಿಯಲ್ಲಿಲ್ಲ. ಹಜ್ ಯಾತ್ರಿಕರಿಗೆ ಅದು ಕಡ್ಡಾಯ. ಗುಲ್ಮ ಇಲ್ಲದವರು ಅದರ ಬಗ್ಗೆ ವೈದ್ಯರಲ್ಲಿ ಕೇಳಬೇಕು. ಮನೆಯಲ್ಲಿ ಒಬ್ಬರಿಗೆ ಮೆನಿಂಗೊಕಾಕಲ್ ರೋಗ ದೃಢಪಟ್ಟರೆ ಹತ್ತಿರದವರಿಗೂ ಮುನ್ನೆಚ್ಚರಿಕೆಯ ಆಂಟಿಬಯೋಟಿಕ್ ಬೇಕಾಗುತ್ತದೆ, ಅದೂ ವೈದ್ಯರ ಚೀಟಿಯ ಮೇಲೆಯೇ.

ಹಾಗಾಗಿ ಅಂಗಡಿಯವರು ಮಾತ್ರೆ ಕೊಡಲಿಲ್ಲವೆಂದು ಸಿಟ್ಟಾಗಬೇಡಿ. ಕಂಡಕಂಡಂತೆ ನುಂಗಿದರೆ ಬ್ಯಾಕ್ಟೀರಿಯಾ ಬಗ್ಗದಂತಾಗುತ್ತದೆ. ನಿಜವಾದ ಸೆಪ್ಸಿಸ್ ಬಂದ ದಿನ ಆಸ್ಪತ್ರೆಯ ಇಂಜೆಕ್ಷನ್ನಿಗೂ ಅದು ಜಗ್ಗದಿರಬಹುದು. ಮೇಲಿನ ಲಕ್ಷಣ ಕಂಡ ರಾತ್ರಿ ಮೆಡಿಕಲ್ ಶಾಪ್ ಹುಡುಕುತ್ತಾ ಹೊತ್ತು ಕಳೆಯಬೇಡಿ, ನೇರ ಆಸ್ಪತ್ರೆಗೆ ಹೊರಡಿ.