ಫ್ಯೂಸು ಕಿತ್ತ ಹೊಗೆಕೊಳವೆ

ಪದೇ ಪದೇ ಫ್ಯೂಸು ಹೋಗುತ್ತದೆಂದು ಬೇಸತ್ತು, ಫ್ಯೂಸು ತಂತಿಯ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿಟ್ಟ ಮನೆಗಳನ್ನು ನೀವೂ ಕಂಡಿರುತ್ತೀರಿ. ಮರುದಿನದಿಂದ ಫ್ಯೂಸು ಹೋಗುವುದಿಲ್ಲ, ನಿಜ. ಆದರೆ ಲೋಡು ಹೆಚ್ಚಾದ ದಿನ ಗೋಡೆಯೊಳಗಿನ ವೈರೇ ಸುಡುತ್ತದೆ. ಇದೇ ಬುದ್ಧಿವಂತಿಕೆಯನ್ನು ಈಗ ಕೆಲವು ಯುವಕರು ಬಾಯಿಗಿಟ್ಟುಕೊಳ್ಳುವ ಒಂದು ಲೋಹದ ಕೊಳವೆಯ ಮೇಲೆ ಪ್ರಯೋಗಿಸುತ್ತಿದ್ದಾರೆ. ಈ ವಾರ ಅದರ ವಿಚಾರ.

ಇ–ಸಿಗರೇಟು ನಮ್ಮಲ್ಲಿ ನಿಷೇಧವಾಗಿದೆಯಲ್ಲ, ಆರೋಗ್ಯದ ಅಂಕಣದಲ್ಲಿ ಅದರ ಮಾತೇಕೆ ಎಂದು ನೀವು ಕೇಳಬಹುದು. ಕರ್ನಾಟಕ ಸರ್ಕಾರ 2016ರ ಜೂನ್‌ನಲ್ಲೇ ಇದನ್ನು ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾಯ್ದೆಯೂ ಬಂದು ಇಡೀ ದೇಶದಲ್ಲಿ ಇದರ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧವಾಯಿತು. ಆದರೂ ಕದ್ದು ಮಾರುವುದು ನಿಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ನಮ್ಮ ಎಷ್ಟೋ ಮನೆಗಳ ಮಕ್ಕಳು ಓದಲೆಂದು, ಕೆಲಸಕ್ಕೆಂದು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇದ್ದಾರೆ. ಅಲ್ಲಿ ವಯಸ್ಕರಿಗೆ ಇದು ಅಂಗಡಿಯಲ್ಲೇ ಸಿಗುವ ವಸ್ತು. ಆದ್ದರಿಂದ ತಂದೆತಾಯಂದಿರು ಈ ವಿಷಯವನ್ನು ತಿಳಿದಿರಬೇಕೆಂಬುದು ನನ್ನ ಅಭಿಪ್ರಾಯ.

ಕೊಳವೆಯೊಳಗೆ ಏನಿದೆ?

ಇ–ಸಿಗರೇಟಿನಲ್ಲಿ ತಂಬಾಕಿನ ಎಲೆ ಸುಡುವುದಿಲ್ಲ. ನಿಕೋಟಿನ್ ಬೆರೆಸಿದ ದ್ರವವನ್ನು ಒಂದು ತಂತಿಯ ಸುರುಳಿ ಕಾಯಿಸುತ್ತದೆ. ಏಳುವ ಮಂಜನ್ನು ಸೇದುವವನು ಎಳೆದುಕೊಳ್ಳುತ್ತಾನೆ. ಸಾಮಾನ್ಯ ಸಾಧನಗಳಲ್ಲಿ ಒಂದು ಪುಟ್ಟ ವಿದ್ಯುನ್ಮಾನ ಸರ್ಕೀಟು ಇರುತ್ತದೆ. ಪ್ರವಾಹ ಮಿತಿ ಮೀರಿದರೆ, ಶಾರ್ಟ್ ಆದರೆ, ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದರೆ ಅದು ವಿದ್ಯುತ್ತನ್ನು ಕಡಿದುಹಾಕುತ್ತದೆ.

‘ಮೆಕ್ಯಾನಿಕಲ್ ಮಾಡ್’ ಎಂದು ಕರೆಯುವ ಬಗೆಯಲ್ಲಿ ಈ ಸರ್ಕೀಟೇ ಇಲ್ಲ. ಲೋಹದ ಕೊಳವೆ, ಅದರೊಳಗೊಂದು ಲಿಥಿಯಂ ಸೆಲ್ಲು, ಕೆಳಗೊಂದು ಗುಂಡಿ, ಮೇಲೊಂದು ಸುರುಳಿ, ಇಷ್ಟೇ. ಬಹಳವಾಗಿ ಬಳಸುವ ಸೆಲ್ಲು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ್ದು. ಲ್ಯಾಪ್‌ಟಾಪ್ ಬ್ಯಾಟರಿಗಳ ಒಳಗೂ ಇಂಥವೇ ಇರುತ್ತಿದ್ದವು. ಗುಂಡಿ ಒತ್ತಿದರೆ ಸೆಲ್ಲಿನ ಶಕ್ತಿ ನೇರವಾಗಿ ಸುರುಳಿಗೆ ಹರಿಯುತ್ತದೆ. ನಡುವೆ ತಡೆಯುವವರು ಯಾರೂ ಇಲ್ಲ.

ವೋಲ್ಟೇಜ್ ಬೀಳುವುದೆಂದರೆ

ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ತೋಟದ ಪಂಪ್‌ಸೆಟ್ಟನ್ನು ತಲುಪುವ ಹೊತ್ತಿಗೆ ವೋಲ್ಟೇಜು ಬಿದ್ದಿರುತ್ತದೆಂಬುದು ಎಲ್ಲ ರೈತರಿಗೂ ಗೊತ್ತು. ಈ ಕೊಳವೆಯಲ್ಲಿಯೂ ಆಗುವುದು ಅದೇ. ಪೂರ್ತಿ ಚಾರ್ಜ್ ಆದ ಸೆಲ್ಲಿನಲ್ಲಿ 4.2 ವೋಲ್ಟ್ ಇರುತ್ತದೆ. ಗುಂಡಿಯ ಸ್ಪ್ರಿಂಗು, ತಿರುಪಿನ ಹಲ್ಲುಗಳು, ನಡುವಣ ಸಂಪರ್ಕಗಳು ಒಂದಿಷ್ಟು ರೋಧ ಒಡ್ಡುವುದರಿಂದ ಸುರುಳಿಗೆ ಮುಟ್ಟುವುದು ಅದಕ್ಕಿಂತ ಕಡಿಮೆ.

ಹವ್ಯಾಸಿಗಳಿಗೆ ಇದು ಸಹಿಸದು. ತಿರುಪುಗಳನ್ನು ಉಜ್ಜಿ ಹೊಳಪು ಕೊಡುತ್ತಾರೆ. ಸಂಪರ್ಕಗಳಿಗೆ ಬೆಳ್ಳಿ ಲೇಪಿಸುತ್ತಾರೆ. ಸ್ಟೀಲಿನ ಕೊಳವೆ ಬಿಟ್ಟು ತಾಮ್ರದ್ದನ್ನು ಹುಡುಕುತ್ತಾರೆ. ಸ್ಪ್ರಿಂಗು ತೆಗೆದು ಅಯಸ್ಕಾಂತ ಕೂರಿಸುತ್ತಾರೆ. ಇನ್ನೂ ಮುಂದೆ ಹೋದವರು ನಡುವಣ ಸಂಪರ್ಕವನ್ನೇ ತೆಗೆದುಹಾಕಿ, ಸುರುಳಿಯ ಕೆಳಗಿನ ಮೊಳೆ ನೇರವಾಗಿ ಸೆಲ್ಲಿನ ತಲೆಗೆ ತಾಗುವಂತೆ ಮಾಡಿಕೊಳ್ಳುತ್ತಾರೆ.

ಅವರ ಕಡೆಯ ವಾದವನ್ನೂ ಹೇಳಿಬಿಡುತ್ತೇನೆ. ಕೊಳಕು ಸಂಪರ್ಕ ಬಿಸಿಯಾಗುತ್ತದೆ, ಅದನ್ನು ಶುಚಿ ಮಾಡಿದರೆ ಕೊಳವೆ ತಣ್ಣಗಿರುತ್ತದೆ ಎನ್ನುತ್ತಾರೆ. ಅದು ಸರಿಯೇ. ಯಾವ ಎಲೆಕ್ಟ್ರಿಷಿಯನ್ನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. ಒಂದು ಬಟ್ಟೆಯ ಚೂರಿನಿಂದ ಸಂಪರ್ಕ ಒರೆಸುವುದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಆಮೇಲಿನ ಹೆಜ್ಜೆಗಳಿಗೆ.

ಮೂರು ತಕರಾರುಗಳು

ಮೊದಲನೆಯದು ಲೆಕ್ಕದ ತಕರಾರು. ಸುರುಳಿಯ ರೋಧ ಅರ್ಧ ಓಮ್ ಎಂದಿಟ್ಟುಕೊಳ್ಳಿ. 3.8 ವೋಲ್ಟ್ ಮುಟ್ಟಿದರೆ ಅದು ಸುಮಾರು 29 ವ್ಯಾಟ್ ಶಾಖ ಕೊಡುತ್ತದೆ, 4.2 ವೋಲ್ಟ್ ಮುಟ್ಟಿದರೆ ಸುಮಾರು 35 ವ್ಯಾಟ್. ವೋಲ್ಟೇಜು ಶೇಕಡಾ 10ರಷ್ಟು ಏರಿದರೆ ಶಾಖ ಶೇಕಡಾ 20ಕ್ಕೂ ಹೆಚ್ಚು ಏರುತ್ತದೆ. ಈ ಹೆಚ್ಚುವರಿ ಶಕ್ತಿ ಪುಕ್ಕಟೆ ಬಂದದ್ದಲ್ಲ, ಸೆಲ್ಲಿನಿಂದಲೇ ಎಳೆದದ್ದು. ರುಚಿ ಹತ್ತಿದ ಮೇಲೆ ಮನುಷ್ಯ ಅಲ್ಲಿಗೆ ನಿಲ್ಲುವುದೂ ಇಲ್ಲ. ಇನ್ನೂ ದಪ್ಪ ಹೊಗೆಗಾಗಿ ಸುರುಳಿಯ ರೋಧವನ್ನು 0.2 ಓಮ್‌ಗೆ ಇಳಿಸುತ್ತಾನೆ. ಆಗ ಸೆಲ್ಲಿನಿಂದ ಹರಿಯಬಹುದಾದ ಪ್ರವಾಹ 21 ಆಂಪಿಯರ್, ಶಾಖ 88 ವ್ಯಾಟ್. ರೇಡಿಯೊ ರಿಪೇರಿ ಮಾಡುವವನ ಬೆಸುಗೆ ಕಡ್ಡಿ ಸಾಮಾನ್ಯವಾಗಿ 25 ವ್ಯಾಟಿನದು. ಅಂಥ ಮೂರು ಕಡ್ಡಿಗಳಿಗಿಂತ ಹೆಚ್ಚಿನ ಶಾಖ ತುಟಿಯ ಪಕ್ಕದಲ್ಲಿ! ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್ಲು ಇದರ ಅರ್ಧ ಪ್ರವಾಹಕ್ಕೂ ತಕ್ಕದ್ದಾಗಿರುವುದಿಲ್ಲ. ಹೊದಿಕೆಯ ಮೇಲೆ ಸುಳ್ಳು ಅಂಕಿ ಮುದ್ರಿಸಿ ಮಾರುವ ಸೆಲ್ಲುಗಳಿಗೂ ಮಾರುಕಟ್ಟೆಯಲ್ಲಿ ಬರವಿಲ್ಲ.

ಎರಡನೆಯದು ಹೆಚ್ಚು ಮುಖ್ಯವಾದದ್ದು. ಇವರು ‘ಅಡ್ಡಿ’ ಎಂದು ಕಿತ್ತುಹಾಕುವ ಭಾಗಗಳಲ್ಲಿ ಕೆಲವು ಕಾವಲಿಗೆಂದೇ ಇಟ್ಟವು. ಕೆಲವು ಕೊಳವೆಗಳ ಸ್ಪ್ರಿಂಗು ಅತಿಯಾಗಿ ಕಾದಾಗ ಬಿಗಿ ಕಳೆದುಕೊಂಡು ಕುಸಿಯುತ್ತದೆ, ಸಂಪರ್ಕ ತಪ್ಪುತ್ತದೆ. ಪ್ರೆಶರ್ ಕುಕ್ಕರಿನ ಸೇಫ್ಟಿ ವಾಲ್ವು ಕರಗಿ ನಮ್ಮನ್ನು ಉಳಿಸುವಂತೆ. ಅಯಸ್ಕಾಂತ ಹೀಗೆ ಕುಸಿಯುವುದಿಲ್ಲ. ಜರುಗಿದರೆ ತಾನೇ ಶಾರ್ಟ್ ಮಾಡಬಲ್ಲದು. ನಡುವಣ ಸಂಪರ್ಕ ತೆಗೆದ ಕೊಳವೆಯಲ್ಲಿ ಅಪಾಯ ಇನ್ನೂ ಹತ್ತಿರ. ಈ ಸೆಲ್ಲಿನ ತಲೆಯ ನಡುವಿನ ಭಾಗ ಮಾತ್ರ ಧನ ತುದಿ, ಅದರ ಸುತ್ತಲಿನ ಅಂಚೂ ಸೇರಿದಂತೆ ಇಡೀ ಡಬ್ಬಿ ಋಣ ತುದಿ. ಎರಡರ ನಡುವೆ ಇರುವುದು ತೆಳುವಾದ ಒಂದು ಬಳೆ ಮತ್ತು ಪ್ಲಾಸ್ಟಿಕ್ ಹೊದಿಕೆ. ಸುರುಳಿಯ ಮೊಳೆ ಸಾಕಷ್ಟು ಹೊರಚಾಚಿರದಿದ್ದರೆ, ಹೊದಿಕೆ ಒಂದು ಉಗುರಿನಷ್ಟು ಹರಿದಿದ್ದರೆ, ಎರಡೂ ತುದಿಗಳು ಒಟ್ಟಿಗೆ ತಾಗಿ ನೇರ ಶಾರ್ಟ್. ಸೆಲ್ಲಿನ ಒಳಗೆ ಶಾಖದಿಂದ ರಾಸಾಯನಿಕ ಕ್ರಿಯೆ, ಆ ಕ್ರಿಯೆಯಿಂದ ಮತ್ತಷ್ಟು ಶಾಖ, ಹೀಗೆ ಕ್ಷಣಗಳಲ್ಲಿ ಕೈಮೀರುತ್ತದೆ. ಅನಿಲ ಹೊರಹೋಗುವ ರಂಧ್ರ ಸಾಲದಾದರೆ ಕೊಳವೆ ನಾಡಬಂದೂಕಿನ ನಳಿಗೆಯಂತೆ ಸಿಡಿಯುತ್ತದೆ. ಅದರ ಒಂದು ತುದಿ ಇರುವುದು ಮುಖದ ಕಡೆಗೆ.

ಮೂರನೆಯದು ಶ್ವಾಸಕೋಶದ ಕಡೆಯಿಂದ. ಈ ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಅತಿಯಾಗಿ ಕಾದರೆ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ವಿಷಗಳಾಗುತ್ತವೆ. ಅಮೆರಿಕದ ಪೋರ್ಟ್‌ಲ್ಯಾಂಡಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಒಂದೇ ಸಾಧನ 3.3 ವೋಲ್ಟಿನಲ್ಲಿದ್ದಾಗ ಕಾಣದ ಫಾರ್ಮಾಲ್ಡಿಹೈಡ್ ಸಂಯುಕ್ತಗಳು 5 ವೋಲ್ಟಿನಲ್ಲಿ ಕಂಡುಬಂದವು. ಅಷ್ಟು ಕಾದ ಮಂಜು ಕಮಟಾಗಿರುತ್ತದೆ, ಯಾರೂ ಸೇದಲಾರರು ಎಂಬ ಆಕ್ಷೇಪ ಬಂತು. ಒಂದು ಸಾಧನದ ಅಂಕಿಯನ್ನು ಇನ್ನೊಂದಕ್ಕೆ ನೇರವಾಗಿ ಹೊಂದಿಸಲೂ ಬಾರದು. ಆದರೂ ಶಾಖ ಏರಿದಂತೆ ಎದೆಯೊಳಗೆ ಹೋಗುವ ವಸ್ತುವೇ ಬದಲಾಗುತ್ತದೆಂಬ ಮಾತು ಉಳಿಯುತ್ತದೆ.

ಆಸ್ಪತ್ರೆಗಳು ಕಂಡದ್ದು

ಇದು ಬರೀ ಹೆದರಿಸುವ ಮಾತಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತ ಸಂಸ್ಥೆಯ 2017ರ ವರದಿಯಲ್ಲಿ, 2009ರಿಂದ 2016ರವರೆಗೆ ಇ–ಸಿಗರೇಟು ಸಿಡಿದ ಅಥವಾ ಹೊತ್ತಿಕೊಂಡ 195 ಪ್ರಕರಣಗಳಿವೆ. ಗಾಯಗೊಂಡವರು 133 ಮಂದಿ, ಅವರಲ್ಲಿ 38 ಮಂದಿಗೆ ತೀವ್ರ ಗಾಯ. 61 ಪ್ರಕರಣಗಳಲ್ಲಿ ಸಾಧನವೋ ಬಿಡಿ ಸೆಲ್ಲೋ ಜೇಬಿನಲ್ಲಿತ್ತು ಎಂಬುದನ್ನು ಗಮನಿಸಿ. ಸಿಯಾಟಲ್ ನಗರದ ಒಂದೇ ಆಸ್ಪತ್ರೆಗೆ 2015ರ ಅಕ್ಟೋಬರಿನಿಂದ 2016ರ ಜೂನ್‌ವರೆಗೆ ಇಂಥ 15 ಗಾಯಾಳುಗಳು ಬಂದರು. ಮುಖ, ಕೈ, ತೊಡೆ, ತೊಡೆಸಂದು ಗಾಯದ ಜಾಗಗಳು. ಕೆಲವರ ಹಲ್ಲುಗಳು ಉದುರಿದ್ದವು, ಕೆಲವರಿಗೆ ಚರ್ಮದ ಕಸಿ ಬೇಕಾಯಿತು.

ಸಾವುಗಳೂ ಆಗಿವೆ. 2018ರ ಮೇ ತಿಂಗಳಲ್ಲಿ ಫ್ಲೋರಿಡಾದಲ್ಲಿ 38 ವರ್ಷದ ಒಬ್ಬರು, ಸಿಡಿದ ಇ–ಸಿಗರೇಟಿನ ಚೂರು ತಲೆಯೊಳಗೆ ಹೊಕ್ಕು ತೀರಿಕೊಂಡರು. 2019ರ ಜನವರಿಯಲ್ಲಿ ಟೆಕ್ಸಾಸಿನಲ್ಲಿ 24 ವರ್ಷದ ಯುವಕನ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಇಂಥ ಚೂರಿನಿಂದ ಪೆಟ್ಟಾಗಿ, ಮಿದುಳಿಗೆ ರಕ್ತ ನಿಂತು ಪ್ರಾಣ ಹೋಯಿತು. 18650 ಎಂಬ ಈ ಅಳತೆಯ ಬಿಡಿ ಸೆಲ್ಲುಗಳನ್ನು ಕೊಳ್ಳಬೇಡಿ, ಬಳಸಬೇಡಿ ಎಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2021ರಲ್ಲಿ ಎಚ್ಚರಿಸಿದೆ. 

ಸಿಡಿದರೆ ಏನು ಮಾಡಬೇಕು?

ಈ ಸೂಚನೆಗಳು ಪವರ್ ಬ್ಯಾಂಕ್, ಮೊಬೈಲ್, ಟಾರ್ಚಿನ ಲಿಥಿಯಂ ಸೆಲ್ಲುಗಳಿಗೂ ಅನ್ವಯಿಸುತ್ತವೆ. ಕತ್ತರಿಸಿ ಇಟ್ಟುಕೊಂಡರೆ ನಷ್ಟವಿಲ್ಲ.

ಮೊದಲು ಗಾಯಾಳುವನ್ನು ಹೊಗೆಯಿಂದ ದೂರ ಗಾಳಿಗೆ ಕರೆತನ್ನಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲವಿರುತ್ತದೆ. ಸಿಡಿದ ಸೆಲ್ಲನ್ನು ಬರಿಗೈಯಲ್ಲಿ ಮುಟ್ಟಬೇಡಿ. ಸುಟ್ಟ ಬಟ್ಟೆ, ಬೆಲ್ಟು, ಉಂಗುರ, ವಾಚು ತೆಗೆಯಿರಿ. ಚರ್ಮಕ್ಕೆ ಅಂಟಿದ್ದನ್ನು ಎಳೆಯಬೇಡಿ. ಗಾಯದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿ. ಕಣ್ಣಿಗೆ ಸಿಡಿದಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಹಾಗೆಯೇ ತೊಳೆಯಿರಿ. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ, ಅರಿಶಿನ, ಕಾಫಿಪುಡಿ ಯಾವುದೂ ಬೇಡ. ಬಾಯಿಂದ ರಕ್ತ ಬರುತ್ತಿದ್ದರೆ ಅಂಗಾತ ಮಲಗಿಸದೆ ಮುಂದಕ್ಕೆ ಬಾಗಿಸಿ ಕೂರಿಸಿ.

ಗಾಯ ಚಿಕ್ಕದಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಸೆಲ್ಲಿನಿಂದ ಚೆಲ್ಲಿದ ವಸ್ತು ಕ್ಷಾರವಾಗಿದ್ದರೆ ಅದು ಚರ್ಮದ ಆಳಕ್ಕೆ ಕೊರೆಯುತ್ತಾ ಹೋಗುತ್ತದೆ. ಮೊದಲ ದಿನ ಗಾಯದ ನಿಜವಾದ ಆಳ ಕಾಣುವುದಿಲ್ಲ. ಕುತ್ತಿಗೆಯ ಪೆಟ್ಟನ್ನಂತೂ ಎಂದೂ ಕಡೆಗಣಿಸಬಾರದು. ನಾಚಿಕೆಯಿಂದ ‘ಮೊಬೈಲ್ ಸಿಡಿಯಿತು’ ಎಂದು ಸುಳ್ಳು ಹೇಳದೆ, ಏನು ಸಿಡಿಯಿತು, ಮುಖದಿಂದ ಎಷ್ಟು ದೂರದಲ್ಲಿತ್ತು ಎಂಬುದನ್ನು ವೈದ್ಯರಿಗೆ ತಿಳಿಸಿ. ನಾವು ಎಲ್ಲಿ ಎಕ್ಸ್‌ರೇ ತೆಗೆಯಬೇಕು, ಯಾವ ರಕ್ತನಾಳ ನೋಡಬೇಕು ಎಂಬುದು ನಿಮ್ಮ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಮನೆಯವರಿಗೆ ಎರಡು ಮಾತು

ಉಜ್ಜುವ ಕಾಗದ, ತಾಮ್ರದ ಚೂರು, ಓಮ್ ಅಳೆಯುವ ಮೀಟರು ಇಟ್ಟುಕೊಂಡು ಕೂರುವ ಹುಡುಗ ಕೆಟ್ಟವನೇನಲ್ಲ. ಬಿಚ್ಚಿ ನೋಡುವ ಕುತೂಹಲ ಒಳ್ಳೆಯ ಗುಣ. ಬೈದರೆ ಅವನು ಅದೇ ಕೆಲಸವನ್ನು ಬಾಗಿಲು ಹಾಕಿಕೊಂಡು ಮಾಡುತ್ತಾನೆ. ಅವನ ಭಾಷೆಯಲ್ಲೇ ಕೇಳಿ: “ಈ ಸೆಲ್ಲಿನ ಮಿತಿ ಎಷ್ಟು ಆಂಪಿಯರ್? ಸುರುಳಿ ಎಳೆಯುವುದು ಎಷ್ಟು? ಶಾರ್ಟ್ ಆದರೆ ಕಡಿಯುವುದು ಯಾವುದು?” ಮೂರನೆಯ ಪ್ರಶ್ನೆಗೆ ಅವನಲ್ಲಿ ಉತ್ತರವಿರುವುದಿಲ್ಲ. ಅಲ್ಲಿಂದ ಮಾತು ಮುಂದುವರಿಸಿ.

ವಿದೇಶದಲ್ಲಿರುವ ಮಗ ಸಿಗರೇಟು ಬಿಡಲೆಂದೇ ಇದನ್ನು ಹಿಡಿದೆ ಎನ್ನಬಹುದು. ಇಂಗ್ಲೆಂಡಿನ ಆರೋಗ್ಯ ಇಲಾಖೆ ಸಿಗರೇಟು ಬಿಡಲು ಬಯಸುವ ವಯಸ್ಕರಿಗೆ ಇ–ಸಿಗರೇಟಿನ ದಾರಿಯನ್ನೂ ಹೇಳುತ್ತದೆ, ಆ ಮಾತನ್ನು ನಾನು ಮರೆಮಾಚುವುದಿಲ್ಲ. ಆದರೆ ಆ ಸಲಹೆಯಲ್ಲಿ ಕಾವಲಿಲ್ಲದ ಕೊಳವೆಯನ್ನು ಇನ್ನಷ್ಟು ಕಾವಲಿಲ್ಲದಂತೆ ಮಾಡಿಕೊಳ್ಳಿ ಎಂದಿಲ್ಲ. ಅವನು ಇಂದೇ ಬಿಡಲಾರೆನೆಂದರೆ, ಕನಿಷ್ಠ ಈ ಕೊಳವೆಯನ್ನು ಇಂದೇ ಬಿಡಲಿ. ಬಿಡಿ ಸೆಲ್ಲುಗಳನ್ನು ಬೀಗದಕೈ, ಚಿಲ್ಲರೆಯ ಜೊತೆ ಜೇಬಿಗೆ ಹಾಕದಿರಲಿ. ಊರಿಗೆ ಬರುವಾಗ ಚೀಲದಲ್ಲಿ ತರಲೇಬಾರದು, ಅದು ಇಲ್ಲಿ ಅಪರಾಧ.

ಕೊನೆಗೂ ಇದರ ಬುಡದಲ್ಲಿರುವುದು ನಿಕೋಟಿನ್ ಚಟ, ಅದಕ್ಕೆ ಚಿಕಿತ್ಸೆಯಿದೆ. ನಿಕೋಟಿನ್ ಚೂಯಿಂಗ್ ಗಮ್, ಪಟ್ಟಿ, ಮಾತ್ರೆಗಳಿವೆ. ವೈದ್ಯರನ್ನು ಕೇಳಿ ಬಳಸಬಹುದು. ತಂಬಾಕು ಬಿಡುವವರಿಗೆ ನೆರವಾಗುವ ರಾಷ್ಟ್ರೀಯ ಉಚಿತ ದೂರವಾಣಿ 1800-11-2356. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದಕ್ಕೆಂದೇ ಚಿಕಿತ್ಸೆ ದೊರೆಯುತ್ತದೆ. ಸುರುಳಿಗೆ ಅರ್ಧ ವೋಲ್ಟ್ ಹೆಚ್ಚು ಮುಟ್ಟಿಸಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ತಾಳ್ಮೆಯಿರುವ ಹುಡುಗನಿಗೆ, ಅಷ್ಟೇ ತಾಳ್ಮೆಯಿಂದ ಈ ಚಟವನ್ನೂ ಬಿಡುವುದು ಸಾಧ್ಯವಿದೆ. ಮನೆಯವರು ಜೊತೆಗಿರಬೇಕು, ಅಷ್ಟೇ.