ಕಾಟಾ ಅವರದ, ಲೆಕ್ಕಾನೂ ಅವರದ!

2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ರಸ್ತೆಗೆ ಇಳಿದಿದ್ದು ನಿಮಗೆಲ್ಲ ನೆನಪಿರಬಹುದು. ಟನ್ನಿಗೆ 3,500 ರೂಪಾಯಿ ಬೇಕು ಅನ್ನೋದು ಬೇಡಿಕೆ. ನವೆಂಬರ್ 7ರಂದು ಹುಕ್ಕೇರಿ ತಾಲೂಕಿನ ಹತ್ತರಗಿ ಟೋಲ್ ಹತ್ತಿರ ಕಲ್ಲು ತೂರಾಟವೂ ಆಯ್ತು. ಅದೇ ದಿನ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳು ಸಭೆ ಮಾಡಿ, ಇಳುವರಿ 11.25 ಇದ್ದರೆ ಟನ್ನಿಗೆ 3,300 ಅಂತ ತೀರ್ಮಾನ ಆಯ್ತು. ಅದರಲ್ಲಿ 50 ರೂಪಾಯಿ ಸರ್ಕಾರದ್ದು. ಟಿವಿಯವರು ಕ್ಯಾಮೆರಾ ಮಡಚಿಕೊಂಡು ಹೋದರು.

ನಮ್ಮದು ಗೋಕಾಕ ಕಡೆ. ಆ ವಾರ ನಮ್ಮ ಕಾಕಾ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ದರಾ ಎಷ್ಟರೆ ಮಾಡ್ಲಿ ತಮ್ಮಾ, ಕಾಟಾ ಅವರದ ಐತಿ, ಲೆಕ್ಕಾನೂ ಅವರದ ಐತಿ."

ಇಡೀ ಚರ್ಚೆಯಲ್ಲಿ ಯಾರೂ ಜೋರಾಗಿ ಕೇಳದ ಪ್ರಶ್ನೆ ಇದೇ ಅಂತ ನನಗನಿಸುತ್ತೆ. ರೈತನ ಕೈಗೆ ಬರೋ ದುಡ್ಡು ದರವೊಂದರಿಂದ ತೀರ್ಮಾನ ಆಗೋದಿಲ್ಲ. ತೂಕ, ಇಳುವರಿ, ದರ, ಮೂರೂ ಸೇರಿ ಆಗುತ್ತೆ. ದರಕ್ಕೆ ಬೀದಿಯಲ್ಲಿ ಜಗಳ ಆಡಬಹುದು. ಉಳಿದೆರಡು ಕಾರ್ಖಾನೆಯ ಗೇಟಿನ ಒಳಗೆ ತೀರ್ಮಾನ ಆಗ್ತವೆ.

ಸ್ವಲ್ಪ ಲೆಕ್ಕ ಹಾಕೋಣ, ಹೆದರಬೇಡಿ, ಏಳನೇ ಕ್ಲಾಸಿನ ಲೆಕ್ಕ :-)

2025-26ರ ಹಂಗಾಮಿಗೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ ಶೇ. 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂ. ಅದಕ್ಕಿಂತ ಮೇಲೆ ಪ್ರತಿ 0.1ಕ್ಕೆ 3.46 ರೂ. ಅಂದ್ರೆ ಇಳುವರಿ ಬರೀ 0.1 ಕಡಿಮೆ ಬರೆದರೆ ಟನ್ನಿಗೆ 34 ರೂಪಾಯಿ 60 ಪೈಸೆ ಹೋಯ್ತು. ಹಂಗಾಮಿಗೆ ಹತ್ತು ಲಕ್ಷ ಟನ್ ನುರಿಸೋ ಕಾರ್ಖಾನೆಯಲ್ಲಿ ಅದು 3 ಕೋಟಿ 46 ಲಕ್ಷ! ಇನ್ನು ತೂಕ. ಒಂದು ಟ್ರ್ಯಾಕ್ಟರಿನ ಎರಡು ಟ್ರೇಲರ್‌ನಲ್ಲಿ 20 ಟನ್ ಕಬ್ಬು ಅಂತ ಇಟ್ಟುಕೊಳ್ಳಿ. ನೂರಕ್ಕೆ ಎರಡರಷ್ಟು ಕಡಿಮೆ ತೋರಿಸಿದರೂ ಒಂದು ಖೇಪಿಗೆ 400 ಕೆಜಿ, 3,300ರ ದರದಲ್ಲಿ 1,320 ರೂಪಾಯಿ. ಹೋರಾಟದಿಂದ ಬಂದ ಹೆಚ್ಚುವರಿ ಈ ಹಾದಿಯಲ್ಲೇ ಸೋರಿ ಹೋದರೆ ಯಾರಿಗೂ ಗೊತ್ತೇ ಆಗೋದಿಲ್ಲ.

ಎಲ್ಲ ಕಾರ್ಖಾನೆಗಳೂ ಹೀಗೆ ಮಾಡ್ತವೆ ಅಂತ ನಾನು ಹೇಳ್ತಿಲ್ಲ. ಮಾಡ್ತಿಲ್ಲ ಅಂತ ತೋರಿಸೋದಕ್ಕೆ ಪ್ರಾಮಾಣಿಕ ಕಾರ್ಖಾನೆಯ ಹತ್ತಿರವೂ ಸಾಕ್ಷಿ ಇಲ್ಲ, ಸಮಸ್ಯೆ ಇರೋದು ಅಲ್ಲಿ. ಸಂಕೇಶ್ವರದ ಹಿರಣ್ಯಕೇಶಿಯಂಥ ಸಹಕಾರಿ ಆಗಲಿ, ಖಾಸಗಿ ಆಗಲಿ, ಕೊಳ್ಳುವವನೇ ತೂಗುವವನಾದರೆ ಅನುಮಾನ ತಪ್ಪಿದ್ದಲ್ಲ. ಎಥನಾಲ್ ಬಂದ ಮೇಲಂತೂ ಇಳುವರಿಯ ಲೆಕ್ಕ ಇನ್ನೂ ಗೋಜಲು. ಬಿ-ಹೆವಿ ಕಾಕಂಬಿಗೆ, ನೇರವಾಗಿ ರಸಕ್ಕೆ ಹೋದ ಸಕ್ಕರೆಯನ್ನು ಲೆಕ್ಕದಲ್ಲಿ ಮತ್ತೆ ಕೂಡಿಸಬೇಕು. ಹತ್ತನೇ ಕ್ಲಾಸು ಓದಿದ ರೈತ ಅದನ್ನ ಹೇಗೆ ಪರಿಶೀಲಿಸಬೇಕು?

ಹಾಗಾದರೆ ಮೂರನೆಯವರು ಬೇಕು. ಯಾರು?

ಸರ್ಕಾರವೇ ಮಾಡಲಿ ಅನ್ನೋರಿದ್ದಾರೆ. ಕಾರ್ಖಾನೆಗಳ ಹತ್ತಿರ ಸರ್ಕಾರದಿಂದಲೇ ತೂಕದ ಸೇತುವೆ ಹಾಕ್ತೀವಿ ಅಂತ ಸಕ್ಕರೆ ಸಚಿವ ಶಿವಾನಂದ ಪಾಟೀಲರೂ ಹೇಳಿದ್ದರು. ಒಳ್ಳೇದೇ. ಆದರೆ ಕಾಟಾ ಹಾಕೋದು ಒಂದು ಕೆಲಸ, ಐದು ತಿಂಗಳು ಹಗಲೂ ರಾತ್ರಿ ಅದರ ಮುಂದೆ ಕೂತು ಕಾಯೋದು ಬೇರೆಯೇ ಕೆಲಸ. ಮಾಪನಶಾಸ್ತ್ರ ಇಲಾಖೆಯವರು ಬಂದು ಪರೀಕ್ಷೆ ಮಾಡಿ ಮುದ್ರೆ ಒತ್ತಿ ಹೋಗ್ತಾರೆ. ಮಿಕ್ಕ ದಿನಗಳ ಗತಿ? ಮೇಲಾಗಿ ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆ ನಡೆಸೋರಲ್ಲಿ ವಿಧಾನಸೌಧದಲ್ಲಿ ಕೂರೋರೂ ಇದ್ದಾರೆ. ಅಧಿಕಾರಿಗೆ ವರ್ಗಾವಣೆ ಭಯ ಇರೋದಿಲ್ವಾ?

ಆಗ ಬರೋದು ಹೊರಗುತ್ತಿಗೆ. ಹೊರಗುತ್ತಿಗೆ ಅನ್ನೋದು ನನ್ನಂಥವರ ಹೊಟ್ಟೆಪಾಡು, ಬೈದರೆ ಅನ್ನಕ್ಕೆ ಬೈದಂಗೆ :-) ನಮ್ಮಲ್ಲಿ ಕೋಡ್ ಬರೆದವನೇ ಅದನ್ನ ಪಾಸ್ ಮಾಡೋ ಹಾಗಿಲ್ಲ, ಟೆಸ್ಟ್ ಮಾಡೋನು ಬೇರೆ. ಆದರೆ ಆ ಟೆಸ್ಟರ್‌ಗೆ ಸಂಬಳ ಕೊಡೋದು, ಬೇಡವಾದರೆ ತೆಗೆದು ಹಾಕೋದು ಕೋಡ್ ಬರೆದವನೇ ಆದರೆ? 2009ರ ಸತ್ಯಂ ಹಗರಣ ನೆನಪಿಸಿಕೊಳ್ಳಿ. ಅಲ್ಲಿ ಲೆಕ್ಕ ಪರಿಶೋಧಕರು ಇರಲಿಲ್ಲವಾ? ಹೆಸರುವಾಸಿ ಸಂಸ್ಥೆಯೇ ಇತ್ತು!

ಇದಕ್ಕೆ ಸಮುದ್ರದ ಕಡೆಯಿಂದ ಒಂದು ಉದಾಹರಣೆ. ಅಮೆರಿಕದ ಅಲಾಸ್ಕಾದಲ್ಲಿ ದೊಡ್ಡ ಮೀನುಗಾರಿಕೆ ಹಡಗುಗಳ ಮೇಲೆ ವೀಕ್ಷಕರು ಇರ್ತಾರೆ. ಎಷ್ಟು ಮೀನು ಹಿಡಿದರು, ಎಷ್ಟು ವಾಪಸ್ ಎಸೆದರು ಅಂತ ಬರೆದುಕೊಳ್ಳೋ ಕೆಲಸ. ವೀಕ್ಷಕರನ್ನು ಕಳಿಸೋದು ಖಾಸಗಿ ಕಂಪನಿಗಳು. 2013ಕ್ಕೆ ಮುಂಚೆ ಹಡಗಿನವರೇ ನೇರವಾಗಿ ಆ ಕಂಪನಿಗೆ ದುಡ್ಡು ಕೊಡ್ತಿದ್ದರು. ಮಧ್ಯಮ ಗಾತ್ರದ ಹಡಗಿನವರು ಯಾವ ದಿನ ವೀಕ್ಷಕನನ್ನು ಹತ್ತಿಸಿಕೊಳ್ಳಬೇಕು ಅನ್ನೋದನ್ನೂ ತಾವೇ ಆರಿಸ್ತಿದ್ದರು. ಹೇಗಿದೆ ನೋಡಿ! 2013ರಿಂದ ಪೂರ್ತಿ ಕಾವಲು ಇಲ್ಲದ ಹಡಗುಗಳಿಗೆ ಪದ್ಧತಿ ಬದಲಾಯ್ತು. ದಡಕ್ಕೆ ತಂದ ಮೀನಿನ ಬೆಲೆಯಲ್ಲಿ ಶುರುವಿನಲ್ಲಿ ಶೇ. 1.25 ಶುಲ್ಕ ಸರ್ಕಾರಕ್ಕೆ, ವೀಕ್ಷಕರ ಕಂಪನಿಗೆ ಗುತ್ತಿಗೆ ಸರ್ಕಾರದಿಂದ, ಯಾವ ಪ್ರಯಾಣಕ್ಕೆ ಯಾರು ಅನ್ನೋದು ಲಾಟರಿ ಥರ. ಹೊರಗುತ್ತಿಗೆ ಹಾಗೇ ಉಳೀತು, ದುಡ್ಡಿನ ದಾರಿ ಬದಲಾಯ್ತು. ಖರ್ಚು ಯಾರು ಹೊರಬೇಕು ಅನ್ನೋ ಜಗಳ ಅಲ್ಲೂ ಮುಗಿದಿಲ್ಲ. ಪೂರ್ವ ಕರಾವಳಿಯ ಹೆರಿಂಗ್ ಮೀನುಗಾರರ ಕೇಸು 2024ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ, 40 ವರ್ಷದ ಹಳೆಯ ಕಾನೂನು ತತ್ವವನ್ನೇ ಉರುಳಿಸ್ತು.

ಅದಕ್ಕೇ ನನ್ನ ಅಭಿಪ್ರಾಯ: ಅಳೆಯೋ ಕೆಲಸ ಹೊರಗೆ ಕೊಡಿ, ಆದರೆ ಈ ನಾಲ್ಕು ಷರತ್ತಿನ ಮೇಲೆ.

ಒಂದು, ಕಾರ್ಖಾನೆ ಏಜೆನ್ಸಿಗೆ ಒಂದು ರೂಪಾಯಿ ಕೂಡ ಕೈಯಾರೆ ಕೊಡಬಾರದು. ಟನ್ನಿಗೆ ಎರಡು ರೂಪಾಯಿ ಜಿಲ್ಲಾ ನಿಧಿಗೆ ಹೋಗಲಿ. ಹತ್ತು ಲಕ್ಷ ಟನ್ನಿಗೆ 20 ಲಕ್ಷ ಆಗುತ್ತೆ. ಕಾಟಾದ ಹತ್ತಿರ ಕೂರೋ ಹುಡುಗನಿಗೆ ಅದರಿಂದ ತಿಂಗಳು ತಿಂಗಳು ಸರಿಯಾದ ಸಂಬಳ ಕೊಡಿ. ಮೂರು ತಿಂಗಳು ಸಂಬಳ ಕಾಣದ ಹೊರಗುತ್ತಿಗೆ ಹುಡುಗನನ್ನು ಒಂದು ಚಹಾ, ಒಂದು ಪಾಕೀಟಿನಲ್ಲಿ ಕೊಂಡುಕೊಳ್ಳಬಹುದು.

ಎರಡು, ಯಾರು ಎಲ್ಲಿ ಕೂರ್ತಾರೆ ಅನ್ನೋದು ಚೀಟಿ ಎತ್ತಿ ತೀರ್ಮಾನ ಆಗಲಿ, ಹದಿನೈದು ದಿನಕ್ಕೊಮ್ಮೆ ಬದಲಾಗಲಿ. ಇಳುವರಿಯ ಮಾದರಿಗಳಲ್ಲಿ ಕೆಲವು ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಗೆ ಹೋಗಲಿ, ಯಾವ ಕಾರ್ಖಾನೆಯದು ಅಂತ ಹೆಸರಿಲ್ಲದೆ.

ಮೂರು, ತೂಕದ ಅಂಕಿ ಕಾರ್ಖಾನೆಯ ಸಾಫ್ಟ್‌ವೇರ್ ಮುಟ್ಟೋಕೆ ಮುಂಚೆಯೇ ದಾಖಲಾಗಲಿ. ಲೋಡ್ ಸೆಲ್‌ನಿಂದ ಡಿಸ್‌ಪ್ಲೇಗೆ, ಅಲ್ಲಿಂದ ಕಂಪ್ಯೂಟರಿಗೆ, ಅಲ್ಲಿಂದ ಚೀಟಿಗೆ ಬರೋ ಹಾದಿಯಲ್ಲಿ ಪ್ರತಿ ಮೆಟ್ಟಿಲಲ್ಲೂ ಅಂಕಿ ತಿದ್ದೋಕೆ ಸಾಧ್ಯ, ಇದು ನನ್ನ ಕಸುಬು, ಹಾಗಾಗಿ ಧೈರ್ಯವಾಗಿ ಹೇಳ್ತೀನಿ. ಆ ಕ್ಷಣಕ್ಕೇ ರೈತನ ಮೊಬೈಲಿಗೆ ಎಸ್ಸೆಮ್ಮೆಸ್ ಬರಲಿ. ಖಾಲಿ ಟ್ರೇಲರ್ ತೂಕವೂ ಬರಲಿ, ಮೋಸ ಅಲ್ಲೂ ಆಗುತ್ತೆ, ಕೆಲವೊಮ್ಮೆ ಗಾಡಿಯವರಿಂದಲೇ.

ನಾಲ್ಕು, ತಪ್ಪು ಕಂಡರೆ ಶಿಕ್ಷೆ ಕೊಡೋ ಅಧಿಕಾರ ಯಾವ ಏಜೆನ್ಸಿಗೂ ಬೇಡ. ಅದು ಸರ್ಕಾರದ ಕೆಲಸ. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ 14 ದಿನದಲ್ಲಿ ಬಿಲ್ ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಅಂತ ಇದೆ. ಓದೋಕೆ ಚೆನ್ನಾಗಿದೆ. ಬಡ್ಡಿ ಎಣಿಸಿಕೊಂಡ ರೈತರು ನಿಮಗೆ ಗೊತ್ತಿದ್ದರೆ ದಯವಿಟ್ಟು ಪರಿಚಯ ಮಾಡಿಸಿ!

ಎಸಿ ರೂಮಿನಲ್ಲಿ ಕೂತು ಷರತ್ತು ಹಾಕೋದು ಸುಲಭ ಅಂತ ನೀವು ಅನ್ನಬಹುದು. ಸುಲಭವೇ. ಆದರೆ ಒಂಬತ್ತು ದಿನ ರಸ್ತೆಯಲ್ಲಿ ಮಲಗಿ ಪಡೆದ ದರವನ್ನು ಕಾಯೋದು ಪಡೆಯೋದಕ್ಕಿಂತ ಕಷ್ಟ ಆಗಬಾರದಲ್ವಾ? ಮುಂದಿನ ಹೋರಾಟದ ಬೇಡಿಕೆ ಪಟ್ಟಿಯಲ್ಲಿ ದರದ ಪಕ್ಕದಲ್ಲೇ ಕಾಟಾ ಕೂಡ ಇರಲಿ ಅನ್ನೋದು ನನ್ನ ಆಸೆ.

ಮಂಡ್ಯದ ಕಡೆ, ಬಾಗಲಕೋಟೆ ಕಡೆ ಕಥೆ ಹೇಗಿದೆ? ಗೊತ್ತಿದ್ದವರು ಬರೀರಿ.