ನಾಮಿನಿಯೇ ತೀರಿಕೊಂಡರೆ ವಿಮೆ ಹಣ ಯಾರಿಗೆ?

ಪ್ರತಿ ಮೇ ತಿಂಗಳ ಕೊನೆಯ ವಾರ ಸಕಲೇಶಪುರ, ಆಲೂರು ಕಡೆಯ ಎಷ್ಟೋ ತೋಟದ ಕಾರ್ಮಿಕರ ಬ್ಯಾಂಕ್ ಖಾತೆಯಿಂದ 436 ರೂಪಾಯಿ ತಾನಾಗಿ ಕಡಿತವಾಗುತ್ತದೆ. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಜೊತೆಗೆ ಅಪಘಾತ ವಿಮೆಯ 20 ರೂಪಾಯಿ. ಅಪಘಾತದಲ್ಲಿ ಸಾವು ಸಂಭವಿಸಿದರೆ ಒಂದೊಂದರಿಂದಲೂ ಎರಡು ಲಕ್ಷ ಬರುತ್ತದೆ. ಮರಗಸಿಗೆಂದು ಮರ ಹತ್ತುವವರಿಗೆ, ಏಣಿಯ ತುದಿಯಲ್ಲಿ ನಿಂತು ಮೆಣಸು ಕೊಯ್ಯುವವರಿಗೆ, ಆನೆ ಓಡಾಡುವ ದಾರಿಯಲ್ಲೇ ಬೆಳಿಗ್ಗೆ ಕೆಲಸಕ್ಕೆ ಹೊರಡುವವರಿಗೆ ಇದು ಸಣ್ಣ ಭರವಸೆಯಲ್ಲ.

ಈ ಯೋಜನೆಗಳು ಶುರುವಾದದ್ದು 2015ರಲ್ಲಿ. ಅಂದು ಅರ್ಜಿಯಲ್ಲಿ ಬರೆಸಿದ ನಾಮಿನಿಯ ಹೆಸರನ್ನು ಆಮೇಲೆ ತಿರುಗಿ ನೋಡಿದವರು ಕಡಿಮೆ. ಕಂತು ವರ್ಷ ವರ್ಷವೂ ಹೋಗುತ್ತದೆ. ಆ ನಾಮಿನಿ ಬದುಕಿದ್ದಾರೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಎಲ್‌ಐಸಿ ಪಾಲಿಸಿಗಳದೂ ಇದೇ ಕಥೆ. ಮದುವೆಗೆ ಮುಂಚೆ ಅಮ್ಮನ ಹೆಸರು ಬರೆಸಿದವರು, ಅಮ್ಮ ತೀರಿಕೊಂಡು ಹತ್ತು ವರ್ಷವಾದರೂ ಅದನ್ನು ಬದಲಿಸಿರುವುದಿಲ್ಲ.

ನಾಮಿನಿ ಹೋದರೆ ಹಣವೂ ಹೋಯಿತು ಎಂದು ಕೈಚೆಲ್ಲಿ ಕೂರುವವರಿದ್ದಾರೆ. ನಾಮಿನಿಯ ಹೆಂಡತಿ ಮಕ್ಕಳಿಗೆ ಹಣ ಸೇರಬೇಕೆಂದು ವಾದಿಸುವವರೂ ಇದ್ದಾರೆ. ಎರಡೂ ಸರಿಯಲ್ಲ. 1938ರ ವಿಮಾ ಕಾಯ್ದೆಯ 39ನೇ ಕಲಂ ಪ್ರಕಾರ, ನಾಮಿನಿ ಮೊದಲೇ ತೀರಿಕೊಂಡಿದ್ದರೆ ಹಣ ಸೇರುವುದು ಪಾಲಿಸಿದಾರನ ವಾರಸುದಾರರಿಗೆ. ಅಣ್ಣ ತನ್ನ ಪಾಲಿಸಿಗೆ ತಮ್ಮನನ್ನು ನಾಮಿನಿ ಮಾಡಿದ್ದು, ತಮ್ಮ ಮುಂಚೆ ಹೋಗಿ ಆಮೇಲೆ ಅಣ್ಣ ಹೋದರೆ, ಹಣ ಬರುವುದು ಅಣ್ಣನ ಹೆಂಡತಿ, ಮಕ್ಕಳು, ತಾಯಿಗೆ. ಇಬ್ಬರು ನಾಮಿನಿಗಳಿದ್ದು ಒಬ್ಬರು ತೀರಿಕೊಂಡಿದ್ದರೆ, ಉಳಿದವರ ಕೈಗೆ ಹಣ ಕೊಡುತ್ತಾರೆ.

ಯಾರು ಮೊದಲು ಹೋದರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಪಾಲಿಸಿದಾರ ತೀರಿಕೊಂಡ ಮೇಲೆ, ಹಣ ಕೈಸೇರುವ ಮುಂಚೆ, ನಾಮಿನಿಯಾದ ಹೆಂಡತಿಯೂ ತೀರಿಕೊಂಡರೆ? ವಿಮಾ ಕಾಯ್ದೆಯ 2015ರ ತಿದ್ದುಪಡಿಯ ಪ್ರಕಾರ ಆಗ ಹಣ ಹೋಗುವುದು ಅವಳ ವಾರಸುದಾರರಿಗೆ. ಶಿರಾಡಿ ಘಾಟಿಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಅಪಘಾತದಲ್ಲಿ ಹೋದರೆ ಯಾರು ಮುಂಚೆ ಎಂದು ಹೇಳುವವರು ಯಾರು? ಬೇರೆ ಪುರಾವೆ ಇಲ್ಲದಿದ್ದರೆ ಕಿರಿಯರೇ ಆಮೇಲೆ ತೀರಿಕೊಂಡರೆಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಭಾವಿಸಿಕೊಳ್ಳುತ್ತದೆ.

ನಾಮಿನಿ ಬದುಕಿದ್ದರೂ ಹಣವೆಲ್ಲ ಅವರದೇ ಎನ್ನಲಾಗದು. ನಾಮಿನಿ ಹಣ ಪಡೆದುಕೊಳ್ಳುವವರೇ ಹೊರತು ಅದರ ಒಡೆಯರಲ್ಲ ಎಂದು ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿತ್ತು. ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಹಕ್ಕೂ ಅವರದೇ ಎಂಬ ಮಾತನ್ನು 2015ರ ತಿದ್ದುಪಡಿ ಸೇರಿಸಿತು. ಅದರ ಅರ್ಥವೇನು ಎಂಬುದು ನಮ್ಮ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂತು. ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದ ವ್ಯಕ್ತಿ, ಮದುವೆಯಾಗಿ ಮಗುವಾದ ಮೇಲೂ ಹೆಸರು ಬದಲಿಸದೆ 2019ರಲ್ಲಿ ತೀರಿಕೊಂಡಿದ್ದರು. ತಿದ್ದುಪಡಿ ಉತ್ತರಾಧಿಕಾರದ ಕಾನೂನನ್ನು ಮೀರುವುದಿಲ್ಲವೆಂದು ನ್ಯಾಯಮೂರ್ತಿ ಅನಂತ ರಾಮನಾಥ ಹೆಗಡೆ 2025ರಲ್ಲಿ ತೀರ್ಪು ಕೊಟ್ಟು, ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಹಂಚಿದರು. ಇದು ನ್ಯಾಯವಾದ ತೀರ್ಪು ಎಂದೇ ನನ್ನ ಭಾವನೆ.

ನನಗೆ ಹೆಚ್ಚು ಸಂಕಟವಾಗುವುದು ಹೆಂಗಸರ ವಿಷಯದಲ್ಲಿ. ಲೈನ್ ಮನೆಯಲ್ಲಿ ತಂಗಿಯ ಜೊತೆ ಬದುಕುತ್ತಿರುವ, ಮಕ್ಕಳಿಲ್ಲದ ವಿಧವೆಯೊಬ್ಬಳನ್ನು ನೆನೆದುಕೊಳ್ಳಿ. ಅವಳ ಪಾಲಿಸಿಯಲ್ಲಿ ಸತ್ತ ಗಂಡನೇ ಇನ್ನೂ ನಾಮಿನಿ. ಅವಳು ಉಯಿಲು ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಪ್ರಕಾರ ಅವಳ ದುಡಿಮೆಯ ಹಣ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಅವಳ ಹೆತ್ತ ತಾಯಿಯ ಸರದಿ ಅದರ ನಂತರ. 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣವೊಂದರಲ್ಲಿ, ಮದುವೆಯಾದ ಮೂರು ತಿಂಗಳಿಗೇ ವಿಧವೆಯಾಗಿ, ತವರಿನವರು ಓದಿಸಿದ್ದರಿಂದ ಕೆಲಸಕ್ಕೆ ಸೇರಿದ ಹೆಣ್ಣುಮಗಳ ಉಳಿತಾಯವೆಲ್ಲ ಗಂಡನ ಕಡೆಯವರಿಗೇ ಸೇರಿತು. ಕಾನೂನಿನ ಈ ಭಾಗ ಬದಲಾಗಲೇಬೇಕು. ಅಲ್ಲಿಯವರೆಗೆ ತಂಗಿಯನ್ನು ನಾಮಿನಿ ಮಾಡಿದರಷ್ಟೇ ಸಾಲದು. ಗಂಡನ ಕಡೆಯವರು ಬಂದು ಹಣ ಕೇಳಬಹುದು. ಉಯಿಲು ಬರೆದಿಡಬೇಕು. ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಬಿಳಿ ಹಾಳೆಯ ಮೇಲಿನ ಉಯಿಲೂ ನಡೆಯುತ್ತದೆ, ನೋಂದಣಿ ಕಡ್ಡಾಯವಲ್ಲ.

ಹಕ್ಕು ಯಾರದೆಂದು ಗೊತ್ತಾದರೂ ಹಣ ಕೈಗೆ ಬರಲು ಕಾಗದ ಬೇಕು. ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್‌ನಲ್ಲಿ ಬಹುಪಾಲು ಕೆಲಸ ಮುಗಿಯುತ್ತದೆ. ಇಲ್ಲದಿದ್ದರೆ ನಾಡಕಚೇರಿಯ ವಂಶವೃಕ್ಷ, ಎಲ್ಲ ವಾರಸುದಾರರ ಒಪ್ಪಿಗೆ, ಮುಚ್ಚಳಿಕೆ. ತಕರಾರಿದ್ದರೆ ಅಥವಾ ಮೊತ್ತ ದೊಡ್ಡದಿದ್ದರೆ ಸಿವಿಲ್ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ. ಹೆತ್ತೂರು, ಯಸಳೂರು, ಪಾಳ್ಯ ಕಡೆಯ ಕೂಲಿಯವರಿಗೆ ಇದೆಷ್ಟು ಕಷ್ಟವೆಂದು ಯೋಚಿಸಿ. ಮೂಲ ಊರು ಯಾವುದೋ, ರೇಷನ್ ಕಾರ್ಡ್ ಎಲ್ಲಿಯದೋ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ಒಬ್ಬ ಮಗಳು ಕೊಡಗಿನ ತೋಟದಲ್ಲಿ, ಮಗ ಬೆಂಗಳೂರಿನಲ್ಲಿ. ಎಲ್ಲರನ್ನೂ ಸೇರಿಸಿ ಸಹಿ ಹಾಕಿಸುವುದರೊಳಗೆ ಎಷ್ಟು ದಿನದ ಕೂಲಿ ಹೋಗಿರುತ್ತದೋ. ಹೀಗೆ ಬೇಸತ್ತು ಕೈಬಿಟ್ಟ ವಿಮೆ ಹಣ ಹತ್ತು ವರ್ಷ ಕಳೆದರೆ ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತದೆ. ಆಮೇಲೂ 25 ವರ್ಷದವರೆಗೆ ಕೇಳಿ ಪಡೆಯುವ ಹಕ್ಕಿದೆ, ಆದರೆ ಅದನ್ನು ಅವರಿಗೆ ತಿಳಿಸುವವರು ಬೇಕಲ್ಲ.

ಕಂತು ಕಡಿತವಾಗುವ ಮೇ ತಿಂಗಳಲ್ಲೇ ನಾಮಿನಿ ಯಾರೆಂದು ಬ್ಯಾಂಕ್ ಕನ್ನಡದಲ್ಲಿ ಸಂದೇಶ ಕಳಿಸಬೇಕು. ಬೋನಸ್ ಕೊಡುವ ದಿನ ತೋಟದ ರೈಟರು ಆಳುಗಳ ಪಾಸ್‌ಬುಕ್ ಜೊತೆ ಈ ಹೆಸರನ್ನೂ ವಿಚಾರಿಸಲಿ, ಬೆಳೆಗಾರರು ಅದಕ್ಕೆ ಒಪ್ಪಿಗೆ ಕೊಡಲಿ. ಇದಕ್ಕಿಂತ ಮುಖ್ಯವಾದದ್ದು ಸಾವು ನೋಂದಾಯಿಸುವ ಕಚೇರಿಯ ಕೆಲಸ. ಹೆಸರು ಬದಲಿಸಬೇಕಾದ ಗಳಿಗೆ ಬರುವುದು ನಾಮಿನಿ ಸತ್ತಾಗಲೇ. ಮರಣ ಪ್ರಮಾಣಪತ್ರ ಕೊಡುವಾಗ ಅಲ್ಲಿನ ಸಿಬ್ಬಂದಿ, ‘ತೀರಿಕೊಂಡವರ ಹೆಸರು ಮನೆಯವರ ಪಾಲಿಸಿಯಲ್ಲಿ, ಬ್ಯಾಂಕ್ ಖಾತೆಯಲ್ಲಿ ನಾಮಿನಿಯಾಗಿ ಇದೆಯೇ ನೋಡಿ, ಇದ್ದರೆ ಬದಲಿಸಿ’ ಎಂದು ಒಂದು ಮಾತು ಹೇಳಲಿ. ಅದನ್ನೇ ಅಚ್ಚು ಹಾಕಿದ ಚೀಟಿಯನ್ನೂ ಕೈಗೆ ಕೊಡಲಿ. ಹಾಸನ ಜಿಲ್ಲಾಡಳಿತ ಇದನ್ನು ಸಕಲೇಶಪುರ, ಆಲೂರು ತಾಲ್ಲೂಕುಗಳಿಂದಲೇ ಆರಂಭಿಸಬಹುದು.